ವೀಗನ್ ದಯೆ ಯಾವ ದಿಕ್ಕಿಗೆ?

2019ರ ಏಪ್ರಿಲ್ 8ರ ಮುಂಜಾನೆ ಮೆಲ್ಬರ್ನ್ ನಗರದ ಫ್ಲಿಂಡರ್ಸ್ ಸ್ಟ್ರೀಟ್ ಮತ್ತು ಸ್ವಾನ್‌ಸ್ಟನ್ ಸ್ಟ್ರೀಟ್ ಕೂಡುವಲ್ಲಿ ವೀಗನ್ ಕಾರ್ಯಕರ್ತರು ರಸ್ತೆಯ ನಡುವೆ ಕುಳಿತರು. ಟ್ರಾಮ್‌ಗಳು ನಿಂತವು. ಕಚೇರಿಗೆ ಹೊರಟ ಜನ ಗೊಣಗಿದರು. ಆಸ್ಟ್ರೇಲಿಯಾದ ಕಸಾಯಿಖಾನೆಗಳ ಮತ್ತು ಪ್ರಾಣಿ ಸಾಕಣೆ ಕೇಂದ್ರಗಳ ಒಳಗನ್ನು ಡ್ರೋನ್ ಹಾಗೂ ಗುಪ್ತ ಕ್ಯಾಮೆರಾಗಳ ನೆರವಿನಿಂದ ತೋರಿಸಿದ ‘ಡೊಮಿನಿಯನ್’ ಎಂಬ ಸಾಕ್ಷ್ಯಚಿತ್ರ ತೆರೆ ಕಂಡು ಆಗ ಒಂದು ವರ್ಷವಾಗಿತ್ತು. ಅದನ್ನು ನೋಡಿ ಎಂಬುದಷ್ಟೇ ಅವರ ಬೇಡಿಕೆ. ಪೊಲೀಸರು 39 ಮಂದಿಯನ್ನು ಬಂಧಿಸಿದರು. ಅಂದಿನ ಪ್ರಧಾನಿ ಸ್ಕಾಟ್ ಮಾರಿಸನ್ ಅವರು ಕಾರ್ಯಕರ್ತರನ್ನು ಆಸ್ಟ್ರೇಲಿಯಾದ ಗುಣಕ್ಕೇ ಹೊರತಾದವರು, ಹಸಿರು ವೇಷದ ಅಪರಾಧಿಗಳು ಎಂಬ ಧಾಟಿಯಲ್ಲಿ ಜರೆದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೊಸ ಕಾನೂನು ಬಂತು: ಫೋನು ಅಥವಾ ಅಂತರ್ಜಾಲವನ್ನು ಬಳಸಿ ಕೃಷಿಭೂಮಿಯ ಅತಿಕ್ರಮ ಪ್ರವೇಶಕ್ಕೆ ಪ್ರಚೋದಿಸಿದರೆ ಒಂದು ವರ್ಷದವರೆಗೆ, ಆಸ್ತಿ ಹಾನಿಗೆ ಅಥವಾ ಕಳವಿಗೆ ಪ್ರಚೋದಿಸಿದರೆ ಐದು ವರ್ಷದವರೆಗೆ ಸೆರೆವಾಸ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದೇ ದೇಶದಲ್ಲಿ ಮತ್ತೊಂದು ಸಂಗತಿ ನಡೆಯಿತು. ಹಂಗ್ರಿ ಜ್ಯಾಕ್ಸ್ ಎಂಬ ಬರ್ಗರ್ ಸರಪಳಿ ಸಸ್ಯಮಾಂಸದ ಬರ್ಗರನ್ನು ಮಾರಾಟಕ್ಕಿಟ್ಟಿತು. ಆ ‘ಮಾಂಸ’ವನ್ನು ತಯಾರಿಸಿದ ವಿ2ಫುಡ್ ಸಂಸ್ಥೆಯ ಹುಟ್ಟಿಗೆ ಕೈಜೋಡಿಸಿದ್ದು ಆಸ್ಟ್ರೇಲಿಯಾ ಸರ್ಕಾರದ್ದೇ ಆದ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಓ. ಒಂದೇ ಪ್ರಭುತ್ವ ಒಂದು ಕೈಯಿಂದ ವೀಗನ್ ಕಾರ್ಯಕರ್ತರಿಗೆ ಬೇಡಿ ತೊಡಿಸಿತು, ಇನ್ನೊಂದು ಕೈಯಿಂದ ಪ್ರಾಣಿಯಿಲ್ಲದ ಬರ್ಗರಿಗೆ ಬಂಡವಾಳ ಹಾಕಿತು. ಇದನ್ನು ಬರಿಯ ವಿರೋಧಾಭಾಸವೆಂದು ನಕ್ಕು ಬಿಡಲಾಗದು. ಮಾಂಸ, ಮೊಟ್ಟೆ ಮಾತ್ರವಲ್ಲದೆ ಹಾಲು, ಜೇನು, ಚರ್ಮ, ಉಣ್ಣೆಯನ್ನೂ ತೊರೆಯುವ ಈ ಪಂಥದ ಯಾವ ಮುಖವನ್ನು ಅಧಿಕಾರ ಅಂಜುತ್ತದೆ, ಯಾವ ಮುಖವನ್ನು ಮುದ್ದಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಈ ಇಬ್ಬಂದಿಯನ್ನು ಅರ್ಥ ಮಾಡಿಕೊಳ್ಳಲು ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ಡೆಬೊರಾ ಲುಪ್ಟನ್ ಅವರ ಸಂಶೋಧನೆ ಬಹಳ ಉಪಯುಕ್ತ. ಆರೋಗ್ಯ, ದೇಹ, ಆಹಾರ ಮತ್ತು ಡಿಜಿಟಲ್ ತಂತ್ರಜ್ಞಾನ ಒಂದನ್ನೊಂದು ಹೇಗೆ ರೂಪಿಸುತ್ತವೆ ಎಂಬುದನ್ನು ಮೂರು ದಶಕಗಳಿಂದ ಅವರು ಹಿಂಬಾಲಿಸುತ್ತ ಬಂದಿದ್ದಾರೆ. 1995ರ ‘ದಿ ಇಂಪೆರೆಟಿವ್ ಆಫ್ ಹೆಲ್ತ್’ ಕೃತಿಯಲ್ಲಿ, ಆರೋಗ್ಯವಂತನಾಗಿರುವುದು ಒಂದು ನೈತಿಕ ಕರ್ತವ್ಯವಾಗಿ, ಪ್ರಜೆಯ ಯೋಗ್ಯತೆಯ ಅಳತೆಗೋಲಾಗಿ ಬದಲಾದ ಬಗೆಯನ್ನು ಅವರು ವಿವರಿಸಿದರು. 2016ರ ‘ದಿ ಕ್ವಾಂಟಿಫೈಡ್ ಸೆಲ್ಫ್’ ಕೃತಿಯ ವಿಷಯ, ಹೆಜ್ಜೆ, ನಿದ್ದೆ, ಕ್ಯಾಲರಿಗಳನ್ನು ಗಡಿಯಾರ ಮತ್ತು ಫೋನುಗಳಿಂದ ಎಣಿಸಿಕೊಳ್ಳುವ ಹೊಸ ಮನುಷ್ಯ. 2020ರಲ್ಲಿ ಝೀನಾ ಫೆಲ್ಡ್‌ಮನ್ ಅವರೊಂದಿಗೆ ಸಂಪಾದಿಸಿದ ‘ಡಿಜಿಟಲ್ ಫುಡ್ ಕಲ್ಚರ್ಸ್’ ಸಂಕಲನದಲ್ಲಿ ವೀಗನ್ ವಿಡಿಯೊಗಳನ್ನೂ ವೀಗನ್ ಆನ್‌ಲೈನ್ ಸಮುದಾಯಗಳ ಆರೋಗ್ಯದ ಮಾತುಗಳನ್ನೂ ಪರಿಶೀಲಿಸುವ ಅಧ್ಯಾಯಗಳಿವೆ.

ಇಲ್ಲಿ ಒಂದು ಹಳೆಯ ಪರಿಕಲ್ಪನೆ ಮತ್ತೆ ಜೀವ ಪಡೆಯುತ್ತದೆ. ಅಮೆರಿಕದ ರಾಬರ್ಟ್ ಕ್ರಾಫರ್ಡ್ 1980ರಲ್ಲಿ ‘ಹೆಲ್ತಿಸಂ’ ಎಂಬ ಮಾತನ್ನು ಚರ್ಚೆಗೆ ತಂದರು. ಕನ್ನಡದಲ್ಲಿ ಅದನ್ನು ಆರೋಗ್ಯವಾದ ಎನ್ನಬಹುದು. ಕಾಯಿಲೆಯ ಕಾರಣವನ್ನೂ ಪರಿಹಾರವನ್ನೂ ವ್ಯಕ್ತಿಯೊಬ್ಬನ ಶಿಸ್ತಿನಲ್ಲೇ ಹುಡುಕುವುದು, ಗಾಳಿ, ನೀರು, ಕೂಲಿ, ವಸತಿಗಳ ಪ್ರಶ್ನೆಯನ್ನು ಬದಿಗೊತ್ತುವುದು ಅದರ ಸ್ವಭಾವ. ಆರೋಗ್ಯವಾದ ಜನರನ್ನು ಸಿರಿವಂತರು, ಬಡವರು ಎಂದು ವಿಂಗಡಿಸುವುದಿಲ್ಲ. ಜವಾಬ್ದಾರಿಯುತರು, ಬೇಜವಾಬ್ದಾರಿಗಳು ಎಂದು ವಿಂಗಡಿಸುತ್ತದೆ. ವರ್ಗವನ್ನು ಗುಣವೆಂದು ಓದುವ ಕಲೆ ಇದು.

ವೀಗನ್ ಚಿಂತನೆ ಈ ಜಾಲದೊಳಗೆ ಸಿಕ್ಕಿದಾಗ ಅದಕ್ಕೇನಾಯಿತು? 1944ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಮರಗೆಲಸದ ಮೇಷ್ಟ್ರು ಡೊನಾಲ್ಡ್ ವಾಟ್ಸನ್ ಮತ್ತವರ ಕೆಲವೇ ಸಂಗಾತಿಗಳು ಈ ಪದವನ್ನು ಹುಟ್ಟುಹಾಕಿದಾಗ ಅವರ ಪ್ರಶ್ನೆ ಪ್ರಾಣಿಯ ಕುರಿತಾಗಿತ್ತು. ಇಂದು ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳ ವೀಗನ್ ಲೋಕದ ದೊಡ್ಡ ಭಾಗದಲ್ಲಿ ಪ್ರಾಣಿಯೇ ಕಾಣುವುದಿಲ್ಲ. ಅಲ್ಲಿರುವುದು ಹೊಳೆಯುವ ಚರ್ಮ, ಇಳಿದ ತೂಕ, ‘ಆಗ–ಈಗ’ ಚಿತ್ರಗಳು, ಬೆಳಗಿನ ಹಸಿರು ಪಾನೀಯ. ದಯೆ ಸ್ವಸುಧಾರಣೆಯಾಯಿತು. ಇದಕ್ಕೆ ಆ ವಿಡಿಯೊ ಮಾಡುವ ಯುವತಿಯರನ್ನು ದೂರಿ ಫಲವಿಲ್ಲ. ಕತ್ತು ಸೀಳಿದ ಹಂದಿಯ ಚಿತ್ರದ ಪಕ್ಕ ತನ್ನ ಸರಕು ಕಾಣುವುದನ್ನು ಯಾವ ಜಾಹೀರಾತುದಾರನೂ ಬಯಸುವುದಿಲ್ಲ. ಬೆಣ್ಣೆಹಣ್ಣಿನ ಟೋಸ್ಟಿನ ಪಕ್ಕವಾದರೆ ಎಲ್ಲರಿಗೂ ಸಂತೋಷ. ಜಾಹೀರಾತಿನಿಂದ ಬದುಕುವ ವೇದಿಕೆ ಯಾವುದನ್ನು ಮುಂದೆ ತಳ್ಳುತ್ತದೆ ಎಂಬುದನ್ನು ಊಹಿಸಲು ಸಮಾಜಶಾಸ್ತ್ರದ ಪದವಿ ಬೇಕಾಗಿಲ್ಲ.

ಎಣಿಕೆಯ ವಿಷಯದಲ್ಲಿ ಲುಪ್ಟನ್ ಐದು ಬಗೆಗಳನ್ನು ಗುರುತಿಸುತ್ತಾರೆ: ವ್ಯಕ್ತಿ ತನ್ನ ಖುಷಿಗಾಗಿ ಮಾಡಿಕೊಳ್ಳುವ ಖಾಸಗಿ ಎಣಿಕೆ, ಇತರರೊಂದಿಗೆ ಹಂಚಿಕೊಳ್ಳುವ ಸಾಮುದಾಯಿಕ ಎಣಿಕೆ, ಬೇರೆಯವರ ಪ್ರೋತ್ಸಾಹದ ಒತ್ತಡಕ್ಕೆ ಒಳಗಾದ ಎಣಿಕೆ, ಬಲವಂತವಾಗಿ ಹೇರಿದ ಎಣಿಕೆ, ಕಡೆಗೆ ಮೊದಲಿನ ಎಲ್ಲವನ್ನೂ ಲಾಭಕ್ಕಾಗಿ ಕಟಾವು ಮಾಡುವ ಶೋಷಿತ ಎಣಿಕೆ. ಮೊದಲನೆಯದು ಐದನೆಯದಾಗಲು ಹೆಚ್ಚು ಹೊತ್ತು ಹಿಡಿಯದು. ಜನ ತಾವು ತಿಂದದ್ದನ್ನೆಲ್ಲ ಬರೆದಿಟ್ಟ ಮೈಫಿಟ್‌ನೆಸ್‌ಪ್ಯಾಲ್ ಆಪನ್ನು 2015ರಲ್ಲಿ ಕ್ರೀಡಾ ಉಡುಪಿನ ಕಂಪನಿಯೊಂದು 47.5 ಕೋಟಿ ಡಾಲರಿಗೆ ಕೊಂಡಿತು. 2018ರಲ್ಲಿ ಸುಮಾರು 15 ಕೋಟಿ ಖಾತೆಗಳ ಮಾಹಿತಿ ಸೋರಿಹೋಯಿತು. ಪ್ರಾಣಿಯನ್ನು ಸರಕಾಗಿಸಬಾರದೆಂದು ಹೊರಟವರ ಊಟದ ದಿನಚರಿಯೇ ಸರಕಾಯಿತು.

ಸರಕಿನ ಹಿಂದಿರುವ ಕೈಗಳನ್ನೂ ನೋಡಬೇಕು. ಸಸ್ಯಹಾಲಿನ ದೊಡ್ಡ ಕಂಪನಿಯಾಗಿದ್ದ ವೈಟ್‌ವೇವನ್ನು 2017ರಲ್ಲಿ ಖರೀದಿಸಿದ್ದು ಹೈನೋದ್ಯಮದ ದೈತ್ಯ ಡ್ಯಾನೋನ್. ಯುರೋಪಿನ ಸಸ್ಯಮಾಂಸದ ಕಂಪನಿ ವಿವೇರಾವನ್ನು 2021ರಲ್ಲಿ ಕೊಂಡದ್ದು ಜಗತ್ತಿನ ಅತಿ ದೊಡ್ಡ ಮಾಂಸ ಕಂಪನಿಯಾದ ಬ್ರೆಜಿಲ್ ಮೂಲದ ಜೆಬಿಎಸ್. ಹಸುವಿನ ಹಾಲು ಬಿಟ್ಟವರ ಹಣವೂ ಹಸುವಿನ ಹಾಲು ಮಾರುವವರ ಪೆಟ್ಟಿಗೆಗೇ ಸೇರಬಲ್ಲದು.

ಹಾಗೆಂದು ತಂತ್ರಜ್ಞಾನವೇ ಖಳನಾಯಕ ಎಂಬ ತೀರ್ಮಾನ ತಪ್ಪು. ಮುಚ್ಚಿದ ಕಸಾಯಿಖಾನೆಯ ಒಳಗನ್ನು ಲೋಕಕ್ಕೆ ತೋರಿಸಿದ್ದೂ ಕ್ಯಾಮೆರಾ, ಡ್ರೋನುಗಳೇ. ಆಸಿ ಫಾರ್ಮ್ಸ್ ಎಂಬ ಸಂಘಟನೆ 2019ರ ಜನವರಿಯಲ್ಲಿ ಪ್ರಾಣಿ ಸಾಕಣೆ ಕೇಂದ್ರಗಳ ಮತ್ತು ಕಸಾಯಿಖಾನೆಗಳ ನಕ್ಷೆಯನ್ನು ಅಂತರ್ಜಾಲದಲ್ಲಿ ಪ್ರಕಟಿಸಿತು. ತಮ್ಮ ಮನೆಯ ವಿಳಾಸವೂ ನಕ್ಷೆಯಲ್ಲಿದೆ ಎಂದು ಆತಂಕಗೊಂಡ ರೈತ ಕುಟುಂಬಗಳ ಅಳಲಿನಲ್ಲಿ ನ್ಯಾಯವಿತ್ತು. ಸಣ್ಣ ಹಿಡುವಳಿದಾರನನ್ನೂ ದೊಡ್ಡ ಉದ್ಯಮವನ್ನೂ ಒಂದೇ ಗುರುತಿನಿಂದ ತೋರಿಸುವುದು ವಿವೇಕವಲ್ಲ. ಆದರೆ ಪ್ರಭುತ್ವದ ಪ್ರತಿಕ್ರಿಯೆ ಆ ಅಳಲಿಗೆ ಸೀಮಿತವಾಗಿರಲಿಲ್ಲ. ಆ ಸಂಘಟನೆಯನ್ನು ಖಾಸಗಿತನದ ಕಾನೂನಿನ ವ್ಯಾಪ್ತಿಗೆ ತರಲಾಯಿತು, ವರ್ಷಾಂತ್ಯದೊಳಗೆ ಅದರ ದತ್ತಿಸಂಸ್ಥೆಯ ಮಾನ್ಯತೆಯನ್ನೂ ರದ್ದುಪಡಿಸಲಾಯಿತು. ಕೋಟ್ಯಂತರ ಜನರ ಊಟ, ತೂಕ, ನಿದ್ದೆಯ ಲೆಕ್ಕ ಕಂಪನಿಗಳ ಕೈಸೇರಿದಾಗ ಇಷ್ಟು ಚುರುಕಾಗಿ ಎಚ್ಚರಗೊಳ್ಳದ ಖಾಸಗಿತನದ ಕಾಳಜಿ, ಉದ್ಯಮದ ವಿಳಾಸಗಳು ಬಯಲಾದಾಗ ಒಮ್ಮೆಲೇ ಎದ್ದು ಕೂತಿತು.

ಇಲ್ಲಿಗೆ ತಾತ್ಪರ್ಯ ಇಷ್ಟು. ವೀಗನ್ ದಯೆಗೆ ಮೂರು ದಿಕ್ಕುಗಳಿವೆ. ಅದು ಬಲಿಷ್ಠರ ಕಡೆಗೆ ತಿರುಗಿ ಲೆಕ್ಕ ಕೇಳಿದಾಗ ರಾಜಕಾರಣವಾಗುತ್ತದೆ, ಶಿಕ್ಷೆಗೆ ಗುರಿಯಾಗುತ್ತದೆ. ತನ್ನದೇ ದೇಹದ ಕಡೆಗೆ ತಿರುಗಿದಾಗ ಮಾರುಕಟ್ಟೆಯಾಗುತ್ತದೆ, ಬಹುಮಾನ ಪಡೆಯುತ್ತದೆ. ದುರ್ಬಲರ ಕಡೆಗೆ ತಿರುಗಿ ಅವರ ತಟ್ಟೆಗೆ ಕೈಹಾಕಿದಾಗ ದಬ್ಬಾಳಿಕೆಯಾಗುತ್ತದೆ. ಆಗ ಅದಕ್ಕೆ ಸಿಗುವ ಹೆಸರು ಸಂಸ್ಕೃತಿ. ಭಾರತಕ್ಕೂ ಅನಿವಾಸಿ ಭಾರತೀಯರಿಗೂ ತೀರ ಹತ್ತಿರವಾದದ್ದು ಈ ಮೂರನೆಯ ದಿಕ್ಕು.

ಸಿಡ್ನಿಯಿಂದ ಸ್ಯಾನ್ ಹೋಸೆವರೆಗೆ ಭಾರತೀಯ ವಲಸಿಗರ ಊಟದ ಮೇಜುಗಳಲ್ಲಿ ಒಂದು ಹೆಮ್ಮೆಯ ಮಾತು ಓಡಾಡುತ್ತಿರುತ್ತದೆ: ಪಶ್ಚಿಮದವರು ಈಗ ಕಂಡುಕೊಂಡದ್ದನ್ನು ಭಾರತ ಸಾವಿರಾರು ವರ್ಷಗಳ ಹಿಂದೆಯೇ ಅರಿತಿತ್ತು. ಈ ಮಾತಿನಲ್ಲಿ ಎರಡು ಸುಳ್ಳುಗಳಿವೆ. ಮೊದಲನೆಯದು, ಭಾರತ ಸಸ್ಯಾಹಾರಿ ದೇಶವೆಂಬುದು. ಬಾಲಮುರಳಿ ನಟರಾಜನ್ ಮತ್ತು ಸೂರಜ್ ಜೇಕಬ್ 2018ರಲ್ಲಿ ದೊಡ್ಡ ಸಮೀಕ್ಷೆಗಳನ್ನು ಪರಿಶೀಲಿಸಿ, ಸಸ್ಯಾಹಾರಿಗಳ ಪ್ರಮಾಣ ಶೇ. 30ನ್ನು ಮೀರದು, ವಾಸ್ತವದಲ್ಲಿ ಶೇ. 20ರ ಆಸುಪಾಸಿನಲ್ಲಿರಬಹುದು ಎಂದು ತೋರಿಸಿದರು. ಎರಡನೆಯದು, ಭಾರತದ ಸಸ್ಯಾಹಾರ ವೀಗನ್ ಚಿಂತನೆಯ ಪೂರ್ವಜ ಎಂಬುದು. ವಾಟ್ಸನ್ ಮತ್ತು ಗೆಳೆಯರು ಬೇರೆ ಸಂಘ ಕಟ್ಟಿದ್ದೇ ಹಾಲಿನ ಪ್ರಶ್ನೆಯ ಮೇಲೆ. ಭಾರತದ ಮೇಲ್ಜಾತಿ ಸಸ್ಯಾಹಾರವಾದರೋ ನಿಂತಿರುವುದೇ ಹಾಲು, ಮೊಸರು, ತುಪ್ಪದ ಮೇಲೆ. ಪಂಚಾಮೃತದಲ್ಲಿ ವೀಗನ್ ಒಬ್ಬ ಮುಟ್ಟಬಹುದಾದದ್ದು ಸಕ್ಕರೆ ಮಾತ್ರ, ಬಾಳೆಹಣ್ಣು ಬೆರೆಸಿದ್ದರೆ ಅದೂ ಸೇರಿ.

ಜಗತ್ತಿನ ಹಾಲಿನ ಸುಮಾರು ಕಾಲುಭಾಗ ಭಾರತದ್ದು. ಕರು ಹಾಕದೆ ಹಸುವಾಗಲಿ ಎಮ್ಮೆಯಾಗಲಿ ಹಾಲು ಕೊಡುವುದಿಲ್ಲ. ಹುಟ್ಟಿದ ಗಂಡುಕರು ಏನಾಗುತ್ತದೆ, ಬತ್ತಿದ ಎಮ್ಮೆ ಎಲ್ಲಿಗೆ ಹೋಗುತ್ತದೆ? ಎಮ್ಮೆಮಾಂಸದ ಪ್ರಮುಖ ರಫ್ತುದಾರ ದೇಶಗಳಲ್ಲಿ ಭಾರತವೂ ಒಂದೆಂಬುದು ಹಾಲಿನ ಲೋಟದ ಇನ್ನೊಂದು ಮುಖ. ಹಾಲು ಕುಡಿದವನು ಶುದ್ಧ, ಮುದಿ ದನವನ್ನು ಕೊಂಡವನು ಅಪರಾಧಿ, ಚರ್ಮ ಸುಲಿದವನು ಅಸ್ಪೃಶ್ಯ ಎಂಬ ಶ್ರಮವಿಭಜನೆಯನ್ನು ಜಾತಿ ಎನ್ನಬೇಕೇ ಹೊರತು ಅಹಿಂಸೆ ಎನ್ನಲಾಗದು. ಅಂಬೇಡ್ಕರ್ 1948ರ ‘ದಿ ಅನ್‌ಟಚಬಲ್ಸ್’ ಕೃತಿಯಲ್ಲಿ ದನದ ಮಾಂಸಕ್ಕೂ ಅಸ್ಪೃಶ್ಯತೆಗೂ ಇರುವ ನಂಟನ್ನು ಕೆದಕಿದ್ದು ಈ ಕಾರಣಕ್ಕೇ. ಕರ್ನಾಟಕದಲ್ಲಿ 2021ರ ಜನವರಿಯಿಂದ ಜಾರಿಗೆ ಬಂದ ಗೋಹತ್ಯೆ ನಿಷೇಧದ ಕಟ್ಟುನಿಟ್ಟಿನ ಕಾನೂನು ಮೂರರಿಂದ ಏಳು ವರ್ಷಗಳ ಸೆರೆವಾಸ ವಿಧಿಸುತ್ತದೆ. ಅದರ ಭಾರ ಬಿದ್ದದ್ದು ದನ ಮಾರಲಾಗದ ರೈತನ ಮೇಲೆ, ಕಸುಬು ಕಳೆದುಕೊಂಡ ಕಸಾಯಿಯ ಮೇಲೆ. ಹಾಲಿನ ಬಳಕೆದಾರನ ಮೇಲಲ್ಲ.

ಮೊಟ್ಟೆಯ ಕಥೆ ಇದನ್ನು ಇನ್ನೂ ನಿಚ್ಚಳವಾಗಿಸುತ್ತದೆ. 2013ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ ಕ್ಷೀರಭಾಗ್ಯ ಯೋಜನೆಯಡಿ ಶಾಲಾಮಕ್ಕಳಿಗೆ ಹಾಲು ಕೊಡತೊಡಗಿತು. ಪ್ರಾಣಿದಯೆಯ ಹೆಸರಿನಲ್ಲಿ ಯಾವ ಮಠವೂ ಬೀದಿಗಿಳಿಯಲಿಲ್ಲ. 2021ರ ಡಿಸೆಂಬರ್‌ನಲ್ಲಿ ಬೀದರ, ರಾಯಚೂರು, ಕಲಬುರಗಿ, ಯಾದಗಿರಿ, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ ಬೇಡವೆನ್ನುವವರಿಗೆ ಬಾಳೆಹಣ್ಣು, ಬೇಕೆನ್ನುವವರಿಗೆ ಮೊಟ್ಟೆ ಎಂದಾಗ ಹಲವು ಮಠಾಧೀಶರು ಸಿಡಿದೆದ್ದರು. ಪ್ರಾಣಿಯ ದೃಷ್ಟಿಯಿಂದ ನೋಡಿದರೆ ಹಾಲಿಗೂ ಮೊಟ್ಟೆಗೂ ಏನು ವ್ಯತ್ಯಾಸ? ಎರಡೂ ಹೆಣ್ಣುಪ್ರಾಣಿಯ ದೇಹದಿಂದ ಕಿತ್ತುಕೊಂಡವೇ. ವ್ಯತ್ಯಾಸವಿರುವುದು ಮಡಿಯ ದೃಷ್ಟಿಯಲ್ಲಿ. ಕೊಪ್ಪಳ ಜಿಲ್ಲೆಯ ಶಾಲಾ ಬಾಲಕಿಯೊಬ್ಬಳು, ಮೊಟ್ಟೆ ಕೊಡದಿದ್ದರೆ ಮಠಕ್ಕೇ ಬಂದು ತಿನ್ನುತ್ತೇವೆಂದು ಸವಾಲು ಹಾಕಿದ ವಿಡಿಯೊ ಆಗ ಫೋನಿನಿಂದ ಫೋನಿಗೆ ಹರಿದಾಡಿತು. ಆ ವರ್ಷ ಕನ್ನಡದಲ್ಲಿ ಆಹಾರದ ಕುರಿತು ಇಷ್ಟು ನೇರವಾದ ಮಾತನ್ನು ಬೇರೆ ಯಾರೂ ಆಡಲಿಲ್ಲ.

ಮಡಿಯ ಭಾಷೆ ಸೋತಲ್ಲಿ ಆರೋಗ್ಯದ ಭಾಷೆ ನೆರವಿಗೆ ಬಂದದ್ದನ್ನು ಗಮನಿಸಬೇಕು. 2022ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಅಂಗವಾಗಿ ಕರ್ನಾಟಕದಲ್ಲಿ ಸಿದ್ಧವಾದ ಆರೋಗ್ಯ ವಿಷಯದ ನಿಲುವು ಪತ್ರವೊಂದು, ಭಾರತೀಯರ ಮೈಕಟ್ಟು ಸಣ್ಣದಾದ್ದರಿಂದ ಮೊಟ್ಟೆ, ಮಾಂಸಗಳ ನಿಯಮಿತ ಸೇವನೆ ಜೀವನಶೈಲಿಯ ಕಾಯಿಲೆಗಳಿಗೆ ದಾರಿ ಮಾಡುತ್ತದೆ ಎಂಬರ್ಥದ ವಾದ ಹೂಡಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳದು ವಯಸ್ಸಿಗೆ ತಕ್ಕ ಎತ್ತರವಲ್ಲ. ಮೂರರಲ್ಲೊಂದು ಮಗು ಕುಂಠಿತವಾಗಿರುವ ರಾಜ್ಯದಲ್ಲಿ ಬೊಜ್ಜಿನ ಭಯ ಹುಟ್ಟಿಸುವುದು ಕ್ರೌರ್ಯ. ಲುಪ್ಟನ್ ಮತ್ತು ಕ್ರಾಫರ್ಡ್ ಪಶ್ಚಿಮದಲ್ಲಿ ಗುರುತಿಸಿದ ಆರೋಗ್ಯವಾದ ಕಲಬುರಗಿಗೆ ಬಂದಾಗ ಜಾತಿಯ ಅಂಗವಸ್ತ್ರ ಹೊದ್ದುಕೊಂಡು ಬಂತು. ಸಿಡ್ನಿಯಲ್ಲಿ ಅದು ಉಳ್ಳವನಿಗೆ ಹೇಳುತ್ತದೆ: ಕಡಿಮೆ ತಿನ್ನು. ಕಲಬುರಗಿಯಲ್ಲಿ ಹಸಿದವನಿಗೂ ಅದೇ ಮಾತನ್ನು ಹೇಳುತ್ತದೆ.

ಡಿಜಿಟಲ್ ವೇದಿಕೆಗಳೂ ಈ ಮಡಿಗೆ ಹೊಸ ಯಂತ್ರಾಂಗ ಒದಗಿಸುತ್ತಿವೆ. 2024ರ ಮಾರ್ಚ್‌ನಲ್ಲಿ ಜೊಮ್ಯಾಟೊ ಕಂಪನಿ ಶುದ್ಧ ಸಸ್ಯಾಹಾರಿ ಗಿರಾಕಿಗಳಿಗೆಂದು ಹಸಿರು ಉಡುಪಿನ, ಹಸಿರು ಪೆಟ್ಟಿಗೆಯ ಪ್ರತ್ಯೇಕ ಡೆಲಿವರಿ ಪಡೆಯನ್ನು ಘೋಷಿಸಿತು. ಟೀಕೆಯ ಹೊಡೆತಕ್ಕೆ ಬಣ್ಣದ ಭೇದವನ್ನು ಮರುದಿನವೇ ಕೈಬಿಟ್ಟಿತು. ಕೆಂಪು ಅಂಗಿಯ ಹುಡುಗನನ್ನು ಯಾವ ಅಪಾರ್ಟ್‌ಮೆಂಟಿನ ಗೇಟು ತಡೆಯಬಹುದಿತ್ತು ಎಂಬುದನ್ನು ಕಂಪನಿ ಮೊದಲೇ ಯೋಚಿಸಲಿಲ್ಲ. ಬೀದಿಯಲ್ಲಿದ್ದವರಿಗೆ ಅದು ಕೂಡಲೇ ಹೊಳೆಯಿತು. ಮನೆ ಬಾಡಿಗೆಯ ಜಾಹೀರಾತುಗಳಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬರೆಯುವ ವಲಸಿಗರಿಗೂ ಈ ಗೇಟಿನ ಅರ್ಥ ಚೆನ್ನಾಗಿ ಗೊತ್ತು. ಪರದೇಶದಲ್ಲಿ ಜಾತಿ ಕೇಳುವುದು ಕಷ್ಟ, ಊಟ ಕೇಳುವುದು ಸುಲಭ.

ಆದರೆ ಇಷ್ಟಕ್ಕೇ ನಿಂತುಬಿಡುವುದು ಪ್ರಗತಿಪರರ ಸೋಮಾರಿತನವಾದೀತು. ಪ್ರಾಣಿಯ ನೋವಿನ ಪ್ರಶ್ನೆ ಎತ್ತಿದವರನ್ನೆಲ್ಲ ಬ್ರಾಹ್ಮಣ್ಯದ ವಕ್ತಾರರೆಂದು ಬಾಯಿ ಮುಚ್ಚಿಸುವುದು ಅವರ ವಲಯದ ದುರಭ್ಯಾಸ. ಎರಡು ರೆಕ್ಕೆ ಬಿಚ್ಚಲೂ ಜಾಗವಿಲ್ಲದ ತಂತಿಪಂಜರದ ಕೋಳಿಯ ನೋವು, ಅದರ ಕುರಿತು ಮಾತಾಡಿದವನ ಜಾತಿಯಿಂದ ಸುಳ್ಳಾಗುವುದಿಲ್ಲ. ಭಾರತದ ಕಾನೂನು ಆಯೋಗವೇ 2017ರ ವರದಿಯಲ್ಲಿ ಈ ಪಂಜರಗಳ ಪ್ರಶ್ನೆಯನ್ನು ಎತ್ತಿಕೊಂಡಿತ್ತು. ಮಗುವಿಗೆ ಮೊಟ್ಟೆ ಬೇಕು ಎನ್ನುವುದೂ, ಆ ಮೊಟ್ಟೆಯಿಟ್ಟ ಕೋಳಿಗೆ ಪಂಜರ ಬೇಡ ಎನ್ನುವುದೂ ಒಂದೇ ಬಾಯಿಯಿಂದ ಬರಬೇಕಾದ ಮಾತುಗಳು. ಎರಡನ್ನೂ ಕೇಳಬೇಕಾದದ್ದು ಸರ್ಕಾರವನ್ನು ಮತ್ತು ಉದ್ಯಮವನ್ನು, ಮಗುವನ್ನಲ್ಲ. ಅಮೆರಿಕದಲ್ಲಿ ಎ. ಬ್ರೀಝ್ ಹಾರ್ಪರ್ 2010ರಲ್ಲಿ ಸಂಪಾದಿಸಿದ ‘ಸಿಸ್ಟಾ ವೀಗನ್’ ಕೃತಿಯಲ್ಲಿ ಕಪ್ಪು ಮಹಿಳೆಯರು ತಮ್ಮ ಆಹಾರ, ಆರೋಗ್ಯ, ಜನಾಂಗಭೇದಗಳನ್ನು ಒಟ್ಟಿಗೆ ಚರ್ಚಿಸಿದರು. ವೀಗನ್ ಎಂದರೆ ಬಿಳಿಯ ಉಳ್ಳವರ ಅಥವಾ ಭಾರತದ ಮೇಲ್ಜಾತಿಯವರ ಸೊತ್ತಾಗಬೇಕಿಲ್ಲ.

ದುಡಿಯುವವರನ್ನು ಮರೆಯುವುದು ಎರಡೂ ಪಂಗಡಗಳಿಗೆ ಸಾಮಾನ್ಯವಾದ ರೋಗ. ಆಸ್ಟ್ರೇಲಿಯಾದ ಮಾಂಸ ಸಂಸ್ಕರಣಾ ಘಟಕಗಳಲ್ಲಿ ಚಾಕು ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಪೆಸಿಫಿಕ್ ದ್ವೀಪಗಳಿಂದಲೂ ಏಷ್ಯಾದಿಂದಲೂ ತಾತ್ಕಾಲಿಕ ವೀಸಾದ ಮೇಲೆ ಬಂದವರು ಅನೇಕರು. 2020ರಲ್ಲಿ ಮೆಲ್ಬರ್ನ್‌ನ ಪಶ್ಚಿಮ ಭಾಗದ ಅಂಥ ಒಂದೇ ಘಟಕಕ್ಕೆ ಸಂಬಂಧಿಸಿ ನೂರಕ್ಕೂ ಹೆಚ್ಚು ಜನರಿಗೆ ಕೋವಿಡ್ ತಗುಲಿತು. ರಸ್ತೆಯಲ್ಲಿ ಕುಳಿತ ವೀಗನ್ನರ ಘೋಷಣೆಗಳಲ್ಲೂ ಇಂಥವರಿಗೆ ಹೆಚ್ಚು ಜಾಗವಿಲ್ಲ. ಇನ್ನೊಂದು ಕಡೆ, ಹಾಲಿಲ್ಲದ ಚೀಸಿಗೆ ಬೇಕಾದ ಗೋಡಂಬಿಯನ್ನು ನೋಡಬಹುದು. ಮಂಗಳೂರು ಸೀಮೆಯಿಂದ ಕೊಲ್ಲಂವರೆಗೆ ಗೇರುಬೀಜದ ಕಾರ್ಖಾನೆಗಳಲ್ಲಿ ಸಿಪ್ಪೆ ಬಿಡಿಸುವವರು ಬಹುಪಾಲು ಹೆಂಗಸರು. ಆ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಪೊಟ್ಟಣದ ಮೇಲಿನ ‘ಹಿಂಸೆರಹಿತ’ ಎಂಬ ಮುದ್ರೆಯ ಲೆಕ್ಕದಲ್ಲಿ ಆ ಕೈಗಳು ಬರುವುದಿಲ್ಲ.

ವಲಸಿಗ ಕನ್ನಡಿಗನಿಗೆ ಆಯ್ಕೆಯ ಸೌಭಾಗ್ಯವಿದೆ. ಅವನ ಊರಿನ ಸೂಪರ್‌ಮಾರ್ಕೆಟಿನಲ್ಲಿ ಸೋಯಾ, ಓಟ್ಸ್, ಬಾದಾಮಿಯ ಹಾಲುಗಳಿವೆ. ಸಸ್ಯಗಳಿಂದ ಭರವಸೆಯಾಗಿ ದೊರೆಯದ ಬಿ12 ಜೀವಸತ್ವದ ಮಾತ್ರೆ ಔಷಧಿ ಅಂಗಡಿಯಲ್ಲಿದೆ. ರಕ್ತ ಪರೀಕ್ಷೆಗೆ ವೈದ್ಯರಿದ್ದಾರೆ. ಯಾದಗಿರಿಯ ಶಾಲೆಯ ಮಗುವಿಗೆ ಇವಾವುವೂ ಇಲ್ಲ; ಇರುವುದು ಮಧ್ಯಾಹ್ನದ ಬಿಸಿಯೂಟ. ಆದ್ದರಿಂದ ಪ್ರಾಣಿದಯೆ ನಿಜವಾಗಿದ್ದರೆ ಅದರ ಮೊದಲ ಖರ್ಚನ್ನು ಭರಿಸಬೇಕಾದವನು ಈ ವಲಸಿಗನೇ. ತುಪ್ಪ, ಪನೀರು, ಮೊಸರನ್ನು ಮೊದಲು ಬಿಡಬೇಕಾದದ್ದು ಅವನ ತಟ್ಟೆಯಿಂದ. ತನ್ನ ನಿವೃತ್ತಿ ನಿಧಿ ಯಾವ ಮಾಂಸೋದ್ಯಮ, ಹೈನೋದ್ಯಮಗಳ ಷೇರುಗಳಲ್ಲಿ ಕೂತಿದೆ ಎಂದು ಅವನು ಕೇಳಲಿ. ಗುಪ್ತ ಕ್ಯಾಮೆರಾಗಳನ್ನು ಅಪರಾಧವಾಗಿಸುವ ಕಾನೂನುಗಳ ವಿರುದ್ಧ ತನ್ನ ಸಂಸದರಿಗೆ ಪತ್ರ ಬರೆಯಲಿ. ಕಸಾಯಿಖಾನೆಯ ವಲಸೆ ಕಾರ್ಮಿಕರ ಸಂಘಟನೆಯ ಜೊತೆ ನಿಲ್ಲಲಿ. ತಾತ್ಕಾಲಿಕ ವೀಸಾದ ಭಯ ಏನೆಂದು ಅವನಿಗೂ ಗೊತ್ತಿದೆ. ಊರಿನ ಶಾಲೆಗೆ ದೇಣಿಗೆ ಕಳಿಸುವಾಗ, ಮಕ್ಕಳು ಬಯಸಿದ ಊಟವನ್ನು ನಿರಾಕರಿಸುವ ಅಡುಗೆಮನೆಗಳಿಗೆ ಆ ಹಣ ಸೇರದಂತೆ ನೋಡಿಕೊಳ್ಳಲಿ.

ಇಷ್ಟೂ ಮಾಡಿದ ಮೇಲೆ ಅವನು ತನ್ನನ್ನು ವೀಗನ್ ಎಂದು ಕರೆದುಕೊಂಡರೆ ಯಾರ ತಕರಾರೂ ಇರಲಾರದು. ಹಾಲು ಕುಡಿಯುತ್ತ, ಹೆಜ್ಜೆ ಎಣಿಸುತ್ತ, ಇನ್ನೊಬ್ಬರ ಮಕ್ಕಳ ಮೊಟ್ಟೆಯ ಮೇಲೆ ಕಣ್ಣಿಟ್ಟವರಿಗೆ ಮಾತ್ರ ಆ ಹೆಸರು ಸಲ್ಲದು. ಅದಕ್ಕೆ ಕನ್ನಡದಲ್ಲಿ ಹಳೆಯ ಪದವೇ ಇದೆ: ಮಡಿ.